ಮುತ್ತಜ್ಜನ ಅಪ್ಪನ ಹೆಸರು ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮದು ಗೋಕಾಕ ತಾಲ್ಲೂಕಿನ ಒಂದು ಹಳ್ಳಿ. ಅಜ್ಜ ಕೆಲಸಕ್ಕೆಂದು ಪುಣೆಗೆ ಬಂದವರು ಇಲ್ಲೇ ಉಳಿದರು. ಮುತ್ತಜ್ಜನ ಹೆಸರು ಗೊತ್ತು, ಅದರಾಚೆ ಏನೂ ಗೊತ್ತಿಲ್ಲ. ನಾಡಕಚೇರಿಯಲ್ಲಿ ವಂಶವೃಕ್ಷ ಕೊಡುತ್ತಾರಂತೆ. ಅದರಲ್ಲಿ ಹಳೆ ತಲೆಮಾರಿನ ಹೆಸರು ಸಿಗುತ್ತದೆಯೇ?
- ಒಬ್ಬ ಓದುಗ, ಪುಣೆ

ಉತ್ತರ: ಅದನ್ನು ನಂಬಿ ಹೋಗಬೇಡಿ. ನೀವು ಅರ್ಜಿಯಲ್ಲಿ ಬರೆದ ಹೆಸರುಗಳನ್ನೇ ಊರಲ್ಲಿ ವಿಚಾರಿಸಿ ದೃಢೀಕರಿಸಿ ಕೊಡುವ ಪತ್ರ ಅದು, ಗೊತ್ತಿಲ್ಲದ ಹೆಸರನ್ನು ಯಾರೂ ಹುಡುಕಿ ಸೇರಿಸುವುದಿಲ್ಲ. ಸರ್ಕಾರ ನಮ್ಮ ವಂಶವನ್ನು ಬರೆದಿಡಲಿಲ್ಲ. ಆದರೆ ಹೊಲ ಯಾರದು, ಕಂದಾಯ ಯಾರು ಕಟ್ಟಬೇಕು ಅನ್ನೋದನ್ನು ಬಿಡದೆ ಬರೆಯಿತು. ನೀವು ಹೊಲದ ಬೆನ್ನು ಹತ್ತಿ.

ಮೊದಲು ಊರಲ್ಲಿರುವ ಅಣ್ಣತಮ್ಮಂದಿರ ಮನೆಯವರನ್ನು ಕೇಳಿ ಹೊಲದ ಸರ್ವೆ ನಂಬರ್ ತಿಳಿದುಕೊಳ್ಳಿ. ಹೊಲ ಮಾರಿದ್ದರೂ ಪರವಾಗಿಲ್ಲ, ನಂಬರ್ ಸಾಕು. 2000ದ ಸುಮಾರಿನಿಂದ ಈಚಿನ ಉತಾರ, ಅಂದರೆ ಪಹಣಿ, ಸರ್ಕಾರದ ‘ಭೂಮಿ’ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನ ಕೈಬರಹದ ಉತಾರಗಳು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ, ಅರ್ಜಿ ಕೊಟ್ಟು ನಕಲು ಪಡೆಯಬೇಕು. ಈ ಹಳೆ ಕಡತಗಳನ್ನು ಈಗ ಭೂಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ, ಅದನ್ನೂ ವಿಚಾರಿಸಿ.

ನಿಮಗೆ ನಿಜವಾಗಿ ಬೇಕಾದದ್ದು ಉತಾರಕ್ಕಿಂತ ಹೆಚ್ಚಾಗಿ ವಾರಸಾ ದಾಖಲೆ. ಮೈಸೂರು ಕಡೆ ಪೌತಿ ಖಾತೆ ಅನ್ನುತ್ತಾರಲ್ಲ, ಅದೇ. ಹೊಲದ ಯಜಮಾನ ತೀರಿಕೊಂಡಾಗ ಇಂಥವರು ಸತ್ತರು, ಇಂಥಿಂಥವರು ವಾರಸುದಾರರು ಅಂತ ಅದರಲ್ಲಿ ಬರೆಯುತ್ತಾರೆ. ಮುತ್ತಜ್ಜನ ಹೆಸರಿಗೆ ಹೊಲ ಯಾವಾಗ, ಯಾರಿಂದ ಬಂತು ಅಂತ ನೋಡಿದರೆ ಅವರ ಅಪ್ಪನ ಹೆಸರು ಸಿಕ್ಕಿಬಿಡಬಹುದು, ಜೊತೆಗೆ ಮುತ್ತಜ್ಜನ ಅಣ್ಣತಮ್ಮಂದಿರ ಹೆಸರೂ. ನಿಮ್ಮ ಊರು 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿತ್ತು, ಹಾಗಾಗಿ ತೀರಾ ಹಳೆ ಕಾಗದ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿರಬಹುದು. ಪುಣೆಯಲ್ಲಿ ಮೋಡಿ ಓದುವವರಿದ್ದಾರೆ, ಇದೊಂದು ವಿಷಯದಲ್ಲಿ ನೀವು ಅಲ್ಲಿರುವುದೇ ಅನುಕೂಲ.

ಇನ್ನು ಹೆಳವರು. ನಿಮ್ಮ ಭಾಗದಲ್ಲಿ ಇವರನ್ನು ಬಿಟ್ಟು ವಂಶದ ಮಾತೇ ಇಲ್ಲ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಹೋಗಿ ವಂಶದ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕದಲ್ಲಿ ಬರೆದುಕೊಂಡು, ಕಾಳು ಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಒಂದೊಂದು ಮನೆತನಕ್ಕೆ ಇಂಥ ಹೆಳವರೇ ಅಂತ ಇರುತ್ತದೆ. ನಿಮ್ಮ ಮನೆತನದ ಹೆಳವರು ಯಾರು ಅಂತ ಊರಲ್ಲಿ ಕೇಳಿ, ಮನೆದೇವರು ಮತ್ತು ಅಡ್ಡಹೆಸರು ತಿಳಿದಿಟ್ಟುಕೊಳ್ಳಿ. ಅವರು ಹೇಳಿದ್ದನ್ನು ವಾರಸಾ ಕಾಗದದ ಜೊತೆ ಇಟ್ಟು ನೋಡಿ. ಎರಡೂ ಕಡೆ ಬಂದ ಹೆಸರನ್ನು ಧೈರ್ಯವಾಗಿ ಬರೆದುಕೊಳ್ಳಬಹುದು.

ನನಗೆ ಬೇಸರವಾಗುವುದು ಹೆಣ್ಣುಮಕ್ಕಳ ವಿಷಯದಲ್ಲಿ. ಹೊಲದ ಕಾಗದದಲ್ಲಿ ಹೆಂಡತಿಯ ಹೆಸರು ವಿಧವೆಯಾದ ಮೇಲೆ ಬಂದರೆ ಬಂತು, ಮಗಳ ಹೆಸರು ಬಹಳ ಸಲ ಇರುವುದೇ ಇಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿರುವ ಹಳೆ ವಾಟಣಿ ಪತ್ರ (ಆಸ್ತಿ ಪಾಲಿನ ಪತ್ರ), ದಾನಪತ್ರಗಳಲ್ಲಿ ಕೆಲವರಾದರೂ ಸಿಗುತ್ತಾರೆ. ಅಜ್ಜಿಯ ತವರಿನ ಮನೆತನಕ್ಕೆ ಬೇರೆ ಹೆಳವರಿರಬಹುದು, ಅವರನ್ನೂ ಹುಡುಕಿ ಕೇಳಿ.