ಮಳೆಗಾಲ ಕಳೆದ ಮೇಲೆ ಸಿಬಿ ರೇಡಿಯೋದ (ಜನಸಾಮಾನ್ಯರು ಪರಸ್ಪರ ಮಾತಾಡಲು ಬಳಸುವ ರೇಡಿಯೋ ಸೆಟ್ಟು) ಎಸ್‌ಡಬ್ಲ್ಯುಆರ್ 3ಕ್ಕೇರಿದೆ. ಆಂಟೆನಾ ಕತ್ತರಿಸಲೇ?

ಬೇಡ, ಮೊದಲು ಆಂಟೆನಾಗೆ ಕೇಬಲ್ ಜೋಡಿಸುವ ಕನೆಕ್ಟರ್ ಬಿಚ್ಚಿ ನೋಡಿ. ವಾಸ್ಕೋದಂಥ ಕಡಲೂರಲ್ಲಿ ಉಪ್ಪುಗಾಳಿ, ಮಳೆನೀರು ಮೊದಲು ನುಗ್ಗುವುದು ಅಲ್ಲಿಗೇ. ನಮ್ಮ ತಾರಸಿಯದನ್ನು ಬಿಚ್ಚಿದಾಗ ಕೇಬಲ್ಲಿನ ತಾಮ್ರದ ಎಳೆಗಳು ಪಾಚಿಯಂತೆ ಹಸಿರುಗಟ್ಟಿದ್ದವು. ಎಸ್‌ಡಬ್ಲ್ಯುಆರ್ ಅಂದರೆ ಸೆಟ್ಟು ಕಳಿಸಿದ ಶಕ್ತಿ ಎಷ್ಟು ವಾಪಸ್ ಬರುತ್ತಿದೆ ಎಂಬುದರ ಅಳತೆ. 3 ಅಂದರೆ ಕಾಲುಭಾಗ ವಾಪಸ್. ಕೆಟ್ಟ ತುದಿ ಕತ್ತರಿಸಿ, ಹೊಸ ಕನೆಕ್ಟರ್ ಬೆಸೆದು, ಮೇಲೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ.

ಆಮೇಲೂ ಇಳಿಯದಿದ್ದರೆ 1 ಮತ್ತು 27ನೇ ಚಾನೆಲ್‌ಗಳಲ್ಲಿ ಅಳೆಯಿರಿ (ನಮ್ಮಲ್ಲಿ ಲೈಸೆನ್ಸ್ ಬೇಡದ ತರಂಗಪಟ್ಟಿ 27.283 ಮೆಗಾಹರ್ಟ್ಜ್‌ಗೇ ಮುಗಿಯುತ್ತದೆ, ಅದರೊಳಗೆ ಬರುವ ಕೊನೆಯ ಚಾನೆಲ್ 27). 27ರಲ್ಲಿ ಹೆಚ್ಚಿದ್ದರೆ ಆಂಟೆನಾ ಉದ್ದವಾಗಿದೆ, 1ರಲ್ಲಿ ಹೆಚ್ಚಿದ್ದರೆ ಗಿಡ್ಡ. ಯಾಕೆಂದರೆ ಚಾನೆಲ್ ಏರಿದಂತೆ ಅಲೆ ಗಿಡ್ಡವಾಗುತ್ತದೆ, ಆಂಟೆನಾದ ಕಡ್ಡಿಯೂ ಅದಕ್ಕೆ ತಕ್ಕಂತಿರಬೇಕು. ಕತ್ತರಿಸಲೇಬೇಕಾದರೆ ಒಮ್ಮೆಗೆ 3–4 ಮಿ.ಮೀ. ಸಾಕು.