ಪ್ರತಿಕ್ರಿಯೆ: ಬರ್ನಬಿಯ ಮರ ಕಡಿದದ್ದು ಹೇಗೆ?

ಪಾರ್ಕಿನಲ್ಲಿ ಮರ ಕಡಿಯಬಾರದು ಅಂತ ಕೆನಡಾದ ಬರ್ನಬಿ ನಗರಸಭೆಯ ನಿಯಮವೇ ಇರುವಾಗ, ತೈಲದ ಪೈಪ್‌ಲೈನ್ ನಡೆಸುವ ಟ್ರಾನ್ಸ್ ಮೌಂಟನ್ ಕಂಪನಿ ಹೇಗೆ ಕಡಿಯಿತು ಅಂತ ಕೇಳಿದ್ದೀರಿ. ಈ ಪೈಪ್‌ಲೈನ್ ಆಲ್ಬರ್ಟಾ ಪ್ರಾಂತ್ಯದಿಂದ, ಬರ್ನಬಿ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕೆ ಬರುತ್ತದೆ. ಪ್ರಾಂತ್ಯದ ಗಡಿ ದಾಟುವ ಇಂಥ ಯೋಜನೆ 1867ರ ಸಂವಿಧಾನದ ಪ್ರಕಾರ ಕೇಂದ್ರ ಸರ್ಕಾರದ ಕೈಯಲ್ಲಿದೆ. 2014ರಲ್ಲಿ, ಪಾರ್ಕ್ ಇರುವ ಬೆಟ್ಟದೊಳಗೆ ಪೈಪ್‌ಲೈನಿಗೆ ಸುರಂಗ ಕೊರೆಯಬಹುದಾ ಅಂತ ಬಂಡೆ ಪರೀಕ್ಷಿಸಲು ಕಂಪನಿ ಮರ ಕಡಿಯಿತು. ನಗರಸಭೆ ನೋಟಿಸ್ ಕೊಟ್ಟಿತು. ಆದರೆ ಈ ಕೆಲಸಕ್ಕೆ ಆ ನಿಯಮ ಅಡ್ಡ ಬರುವಂತಿಲ್ಲ ಅಂತ, ಇಂಥ ಪೈಪ್‌ಲೈನ್‌ಗಳನ್ನು ನಿಯಂತ್ರಿಸುತ್ತಿದ್ದ ಕೇಂದ್ರದ ಸಂಸ್ಥೆ ರಾಷ್ಟ್ರೀಯ ಇಂಧನ ಮಂಡಳಿ ಹೇಳಿತು. 2017ರಲ್ಲಿ ಪ್ರಾಂತ್ಯದ ಮೇಲ್ಮನವಿ ಕೋರ್ಟಿನಲ್ಲೂ ನಗರಸಭೆ ಸೋತಿತು.

ಹಾಗಂತ ನಗರದ ನಿಯಮ ಪೂರ್ತಿ ಬಿದ್ದುಹೋಗಿಲ್ಲ. ನಗರದ ನಿಯಮ, ಕೇಂದ್ರದ ಕಾನೂನು ಎರಡೂ ಡಿಕ್ಕಿ ಹೊಡೆದ ಕಡೆ ಮಾತ್ರ ಕೇಂದ್ರದ್ದೇ ಮೇಲು. ಕಾನೂನು ಸರಿಯೇ ಇರಬಹುದು, ಆದರೆ ಊರಿನವರ ಪಾರ್ಕಿನ ಬಗ್ಗೆ ಊರಿನವರಿಗೇ ಕೊನೆಯ ಮಾತಿಲ್ಲ ಅನ್ನೋದು ನನಗೆ ತುಂಬಾ ಬೇಸರದ ವಿಷಯ.