ಹಳೇ ಮಾರುತಿ 800ರ ಏಸಿ ತೆಗೆಸಿದರೆ ಹೀಟರ್ ಉಳಿಯುತ್ತಾ?

ಉಳಿಯುತ್ತೆ. ನನ್ನದೂ 800, 1992ರ ಮಾಡೆಲ್, ಕಾರ್ಬೊರೇಟರ್ ಗಾಡಿ. ಏಸಿ ಕೆಟ್ಟು ವರ್ಷಗಳೇ ಆಗಿದ್ದವು, ಪಾಪ 796 ಸಿಸಿ ಎಂಜಿನ್ ಸುಮ್ನೆ ಅದರ ಭಾರ ಹೊತ್ತು ತಿರುಗುತ್ತಿತ್ತು. ನಿಮ್ಮ ಹಾಗೇ ಯೋಚನೆ ಮಾಡಿ ತೆಗೆಸಿದೆ. ಅದರಲ್ಲಿ ಒಂದು ಎಡವಟ್ಟೂ ಆಯಿತು, ಮೊದಲು ಅದನ್ನೇ ಹೇಳುತ್ತೇನೆ.

ಹೀಟರ್‌ಗೂ ಏಸಿಗೂ ಸಂಬಂಧವೇ ಇಲ್ಲ ಅಂತ ಹೇಳುವವರು ಸಿಗುತ್ತಾರೆ. ಅದು ಅರ್ಧ ನಿಜ. ಹೀಟರ್‌ಗೆ ಬಿಸಿ ಬರುವುದು ಎಂಜಿನ್ನಿನ ಕೂಲೆಂಟ್‌ನಿಂದ, ಅಂದರೆ ಎಂಜಿನ್ ತಣಿಸಲು ಸುತ್ತುವ ನೀರಿನಿಂದ. ಏಸಿಯ ಗ್ಯಾಸ್ ಬೇರೆ, ಪೈಪ್ ಬೇರೆ. ಆದರೆ ಗಾಳಿ ತಳ್ಳುವ ಫ್ಯಾನ್, ಅಂದರೆ ಬ್ಲೋವರ್ ಒಂದೇ, ಅಲ್ವಾ? ಗ್ಲೌ ಬಾಕ್ಸ್ ಹಿಂದೆ ಬ್ಲೋವರ್, ಅದರ ಪಕ್ಕ ಕೂಲಿಂಗ್ ಕಾಯಿಲ್ ಇರುವ ಪ್ಲಾಸ್ಟಿಕ್ ಡಬ್ಬ, ಅದರಾಚೆ ಹೀಟರ್. ಗಾಳಿ ಇವನ್ನೆಲ್ಲ ದಾಟಿಕೊಂಡೇ ಮುಂದಿನ ಗ್ಲಾಸಿಗೆ ಬರಬೇಕು. ನಾನು ಕೊಟ್ಟ ಗ್ಯಾರೇಜಿನವರು ನಡುವಿನ ಡಬ್ಬವನ್ನೇ ಎತ್ತಿ ಗುಜರಿಗೆ ಹಾಕಿಬಿಟ್ಟಿದ್ದರು. ಬೆಂಗಳೂರಲ್ಲಿ ಓಡಿಸುವಾಗ ಏನೂ ಗೊತ್ತಾಗಲಿಲ್ಲ. ಆಗಸ್ಟ್‌ನಲ್ಲಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯೋಕೆ ಶುರು ಮಾಡಿದೆವು ನೋಡಿ, ಎರಡು ತಿರುವು ದಾಟುವಷ್ಟರಲ್ಲಿ ಗ್ಲಾಸ್ ಒಳಗಿನಿಂದ ಬೆಳ್ಳಗಾಯಿತು. ಹೀಟರ್ ಹಾಕಿದರೆ ಗಾಳಿಯೆಲ್ಲ ಪಕ್ಕದಲ್ಲಿದ್ದ ಹೆಂಡತಿಯ ಮೊಣಕಾಲಿಗೆ! ಅವಳು ಟವೆಲ್‌ನಲ್ಲಿ ಗ್ಲಾಸ್ ಒರೆಸುತ್ತಾ, ನಾನು ಮಳೆಯಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು, ಹೇಗೋ ಉಜಿರೆ ಮುಟ್ಟಿದೆವು.

ಆಮೇಲೆ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ಅಂಥದ್ದೇ ಡಬ್ಬ ತಂದೆ. ಒಳಗಿನ ಕಾಯಿಲ್ ತೆಗೆದು ಬರೀ ಸಿಪ್ಪೆಯನ್ನು ವಾಪಸ್ ಕೂರಿಸಿದೆ. ನೀವೂ ಅಷ್ಟೇ ಮಾಡಿ. ಏಸಿ ಇಲ್ಲದ ಮಾಡೆಲ್‌ನ ಸಾದಾ ಡಕ್ಟ್ (ಗಾಳಿ ಹೋಗುವ ಕೊಳವೆ) ಸಿಕ್ಕಿ, ಸರಿಯಾಗಿ ಕೂತರೆ ಅದೂ ಆಗುತ್ತೆ.

ಕೆಲಸ ಶುರು ಮಾಡುವ ಮುಂಚೆ ಏಸಿ ಅಂಗಡಿಯಲ್ಲಿ ಗ್ಯಾಸ್ ತೆಗೆಸಿ. ತಣ್ಣಗೆ ಬರುತ್ತಿಲ್ಲ ಅಂದರೆ ಗ್ಯಾಸ್ ಖಾಲಿ ಅಂತ ಅಂದುಕೊಳ್ಳಬೇಡಿ, ಉಳಿದಿರಬಹುದು. ನನ್ನ ಗಾಡಿಯ ಕಾಲದ ಏಸಿ ಗ್ಯಾಸ್ ಆರ್-12, ಮೈನಸ್ 30 ಡಿಗ್ರಿ ಹತ್ತಿರ ಕುದಿಯುವ ಸರಕು. ನಟ್ ಸಡಿಲಿಸಿದಾಗ ಕೈಗೆ ಚಿಮ್ಮಿದರೆ ಚರ್ಮ ಹೆಪ್ಪುಗಟ್ಟುತ್ತೆ, ಕಣ್ಣಿಗೆ ಬಿದ್ದರಂತೂ ಮುಗೀತು. ಓಝೋನ್‌ಗೂ ಅದು ಕೆಟ್ಟದ್ದು, ಸುಮ್ನೆ ಗಾಳಿಗೆ ಬಿಡಬೇಡಿ.

ಬಾನೆಟ್ ಕೆಳಗಿನ ಕೆಲಸ ಸುಲಭ. ಕಂಪ್ರೆಸರ್, ಅದರ ಬೆಲ್ಟ್, ರೇಡಿಯೇಟರ್ ಮುಂದಿನ ಕಂಡೆನ್ಸರ್, ಅಲ್ಯೂಮಿನಿಯಂ ಪೈಪ್‌ಗಳು ಬಂದುಬಿಡುತ್ತವೆ. ಹೀಟರ್‌ಗೆ ಹೋಗುವ ಎರಡು ರಬ್ಬರ್ ಹೋಸ್ ಮಾತ್ರ ಮುಟ್ಟಬೇಡಿ. ಇನ್ನೊಂದು ಜಾಸ್ತಿ ಜನ ಮರೆಯುವುದು: ಏಸಿ ಹಾಕಿದಾಗ ಐಡ್ಲಿಂಗ್ (ಗಾಡಿ ನಿಂತಾಗಿನ ಎಂಜಿನ್ ವೇಗ) ಏರಿಸಲು ಕಾರ್ಬೊರೇಟರ್ ಹತ್ತಿರ ಒಂದು ತೆಳ್ಳನೆ ವ್ಯಾಕ್ಯೂಮ್ ಹೋಸ್ ಇರುತ್ತೆ. ಅದನ್ನು ಕಿತ್ತು ಬಾಯಿ ತೆರೆದೇ ಬಿಟ್ಟರೆ ಸುಸ್ ಅಂತ ಗಾಳಿ ಎಳೆಯುತ್ತಾ ಎಂಜಿನ್ ಏರಿಳಿಯುತ್ತೆ, ನೀವು ಕಾರ್ಬೊರೇಟರ್ ಕೆಟ್ಟಿತು ಅಂತ ದುಡ್ಡು ಸುರಿಯುತ್ತೀರಿ. ಒಂದು ರಬ್ಬರ್ ಕ್ಯಾಪ್ ಹಾಕಿದರೆ ಆಯಿತು.

ಏಸಿ ಪೈಪ್ ಕ್ಯಾಬಿನ್ ಒಳಗೆ ಬರುತ್ತಿದ್ದ ತೂತುಗಳನ್ನೂ ಗ್ರೊಮೆಟ್ (ರಬ್ಬರ್ ಮುಚ್ಚಳ) ಹಾಕಿ ಮುಚ್ಚಿ, ಇಲ್ಲದಿದ್ದರೆ ಎಂಜಿನ್ ಕಡೆಯ ಪೆಟ್ರೋಲ್ ವಾಸನೆ, ಹೊಗೆ ಎಲ್ಲ ಒಳಗೆ. ಡಬ್ಬದ ನೀರು ಹೋಗುವ ಪೈಪನ್ನೂ ಮುಚ್ಚಿ. ವೈರ್ ಕತ್ತರಿಸಬೇಡಿ, ಕನೆಕ್ಟರ್ ಬಿಚ್ಚಿ ಟೇಪ್ ಸುತ್ತಿಡಿ.

ಒಂದು ನಷ್ಟ ಇದೆ, ಈಗಲೇ ತಿಳಿದಿರಲಿ. ಏಸಿ ಗಾಳಿಯ ತೇವ ಹೀರುತ್ತಿತ್ತು, ಹೀಟರ್ ಅದನ್ನು ಮಾಡಲ್ಲ. ಮಳೆಗಾಲದಲ್ಲಿ ಹೊರಗಿನ ಗಾಳಿ ಒಳಗೆ ಬರುವ ಹಾಗೆ ಲಿವರ್ ಇಟ್ಟು, ಬಿಸಿಗಾಳಿ ಗ್ಲಾಸಿಗೆ ಬಿಟ್ಟು, ಕಿಟಕಿ ಒಂದು ಬೆರಳಷ್ಟು ಇಳಿಸಿಕೊಂಡರೆ ಗ್ಲಾಸ್ ತಿಳಿಯಾಗುತ್ತೆ. ಸ್ವಲ್ಪ ಬೆವರುತ್ತೀರಿ.

ತೆಗೆದ ಸಾಮಾನು ಮಾರಬೇಡಿ. ಪೈಪ್ ಬಾಯಿಗಳಿಗೆ ಪ್ಲಾಸ್ಟಿಕ್ ಕಟ್ಟಿ ಇಟ್ಟುಕೊಳ್ಳಿ, ಮುಂದೆ ಗಾಡಿ ಕೊಳ್ಳೋಕೆ ಬಂದವರು ಏಸಿ ಎಲ್ಲಿ ಅಂತ ಕೇಳೇ ಕೇಳುತ್ತಾರೆ. ನಂದು ಅಟ್ಟದ ಮೇಲೆ ಗೋಣಿಚೀಲದಲ್ಲಿದೆ.